ಬೈಗುಳದಿಂದ ಬರುವುದಿಲ್ಲ ಆಟದ ಗಟ್ಟಿತನ

2017ರ ಜುಲೈ 23, ಲಾರ್ಡ್ಸ್. ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಕೊಟ್ಟ 229 ರನ್ ಗುರಿ ಬೆನ್ನತ್ತಿದ ಭಾರತ 3 ವಿಕೆಟ್‌ಗೆ 191 ತಲುಪಿತ್ತು. ಮುಂದಿನ 28 ರನ್‌ಗಳಲ್ಲಿ ಏಳು ವಿಕೆಟ್ ಹೋದವು. ಸೋಲು ಬರೀ 9 ರನ್‌ಗಳದ್ದು. ಔಟಾದ ಆ ಏಳು ಮಂದಿಯಲ್ಲಿ ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿಯೂ ಇದ್ದರು. ಎಂಟು ದಿನ ಮೊದಲು ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ಬಾರಿಸಿದ್ದವರು ಫೈನಲ್‌ನಲ್ಲಿ 35ಕ್ಕೆ ಔಟಾದರು.

‘ಒತ್ತಡ ತಡ್ಕೊಳ್ಳೋ ಗಟ್ಟಿತನ ಇಲ್ಲ ಕಣ್ರೀ’ ಎಂಬ ಮಾತು ಇಂಥ ಸೋಲಿನ ಮರುದಿನ ನಮ್ಮೂರ ಹೋಟೆಲುಗಳಲ್ಲಿ ಸಲೀಸಾಗಿ ಬರುತ್ತದೆ. ನನಗೆ ಅದು ಅನ್ಯಾಯದ ಮಾತು. ಆಟಗಾರರ ಗಟ್ಟಿತನ ಅವರ ರಕ್ತದಲ್ಲಿ ಬರುವುದಲ್ಲ; ಅದನ್ನು ಕಟ್ಟಬೇಕಾದವರು ತರಬೇತುದಾರರು, ಬೆಳೆಸಬೇಕಾದದ್ದು ತಂಡ. ನಮ್ಮ ಕಡೆ ಈ ತಿಳಿವಳಿಕೆ ಇರಲಿಲ್ಲವೆಂದೇನೂ ಅಲ್ಲ. ಇತ್ತು, ನಡುವೆ ಕೈತಪ್ಪಿತು.

ಹಳೇ ಮೈಸೂರು ಸೀಮೆಯ ಗರಡಿಮನೆಗಳನ್ನೇ ನೋಡಿ. ನಸುಕಿಗೇ ಬಂದ ಪೈಲ್ವಾನರು ಮೊದಲು ಕುಸ್ತಿಯ ಅಂಕಣವಾದ ಮಟ್ಟಿಯ ಕೆಮ್ಮಣ್ಣನ್ನು ಅಗೆದು, ಮಗುಚಿ, ಹದ ಮಾಡುತ್ತಿದ್ದರು. ಆಂಜನೇಯನಿಗೆ ಕೈಮುಗಿದು ದಂಡ, ಬಸ್ಕಿ ಹೊಡೆದ ಮೇಲೆ ಕುಸ್ತಿ. ಹಿರಿಯ ಪೈಲ್ವಾನ ಹೊಸ ಹುಡುಗನ ಜೊತೆ ಇಳಿದಾಗ ಪೂರ್ತಿ ಬಲ ಹಾಕುತ್ತಿರಲಿಲ್ಲ. ಪಟ್ಟು ಹಾಕಿ, ಅದನ್ನು ಬಿಡಿಸಿಕೊಳ್ಳುವ ದಾರಿಯನ್ನೂ ತೋರಿಸುತ್ತಿದ್ದ. ಎಲ್ಲರೆದುರು ಮಣ್ಣಿಗೆ ಬೀಳುವುದು ದಿನದ ಪಾಠವಾಗಿತ್ತು, ಅದರಲ್ಲಿ ಅವಮಾನವೇನೂ ಇರಲಿಲ್ಲ. ಗರಡಿಗೆ ಅದರದೇ ಮಿತಿಗಳಿದ್ದವು. ಹೆಣ್ಣುಮಕ್ಕಳಿಗೆ ಒಳಗೆ ಜಾಗವಿರಲಿಲ್ಲ, ಉಸ್ತಾದರ ಮಾತಿಗೆ ಎದುರಾಡುವಂತಿರಲಿಲ್ಲ. ಆದರೂ ಸೋತು ಕಲಿಯುವುದಕ್ಕೆ ಅಲ್ಲಿ ಜಾಗವಿತ್ತು ಎಂಬುದನ್ನು ಮರೆಯಬಾರದು.

ಶಾಲೆಯ ಮೈದಾನಕ್ಕೆ ಬಂದದ್ದು ಬೇರೆಯೇ ರೀತಿ. ಬ್ರಿಟಿಷರ ಕಾಲದ ಡ್ರಿಲ್ ಸೈನ್ಯದ ಕವಾಯತಿನಿಂದ ಹುಟ್ಟಿದ್ದು: ಸಾಲು, ಸೀಟಿ, ಸಾವಧಾನ್, ವಿಶ್ರಾಮ್. 1920ರಲ್ಲಿ ಹ್ಯಾರಿ ಬಕ್ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದ ಮೇಲೆ ಆಟಗಳಿಗೆ ಪಾಠದ ಗೌರವ ಸಿಕ್ಕಿತು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬಂದು ತರಬೇತುದಾರರೇ ತರಬೇತಿ ಪಡೆಯುವಂತಾಯಿತು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾಯಿತು. ಇಷ್ಟಾದರೂ ಹಳ್ಳಿ ಶಾಲೆಯ ಪಿ.ಟಿ. ಮೇಷ್ಟ್ರ ಕೈಯಲ್ಲಿ ಸೀಟಿಯ ಜೊತೆ ಬೆತ್ತ ಉಳಿದೇ ಇತ್ತು. ಹೊಡೆತ ತಿಂದು ಅಳದವನೇ ಗಟ್ಟಿಗ ಎಂಬ ನಂಬಿಕೆ ಎರಡು ಮೂರು ತಲೆಮಾರು ನಡೆಯಿತು. ಆ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಸ್ವಂತ ಜೇಬಿನಿಂದ ಮಕ್ಕಳಿಗೆ ಬಸ್ ಚಾರ್ಜು ಕೊಟ್ಟವರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಬೇರೆ ದಾರಿಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಬೇರೆ ದಾರಿ ಹುಡುಕಿದವರಿಗೆ ಹೊರದೇಶದಲ್ಲೂ ಸ್ವಾಗತವೇನೂ ಕಾದಿರಲಿಲ್ಲ. ಆಟಗಾರರ ಮನಸ್ಸನ್ನು ಅಭ್ಯಾಸ ಮಾಡಲು 1925ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ನಡೆಸಿದವರು ಕೋಲ್ಮನ್ ಗ್ರಿಫಿತ್. 1938ರಲ್ಲಿ ಷಿಕಾಗೊ ಕಬ್ಸ್ ಬೇಸ್‌ಬಾಲ್ ತಂಡ ಅವರನ್ನು ಕರೆಸಿತು, ಆದರೆ ತಂಡದ ಮ್ಯಾನೇಜರೇ ಸಹಕರಿಸಲಿಲ್ಲ. 2002ರಲ್ಲಿ ಬ್ರಿಟನ್ನಿನ ಗ್ರಹಾಂ ಜೋನ್ಸ್ ಮತ್ತು ಸಂಗಡಿಗರು ಹತ್ತು ಅಂತರರಾಷ್ಟ್ರೀಯ ಕ್ರೀಡಾಪಟುಗಳನ್ನು ಕೂರಿಸಿಕೊಂಡು, ಮಾನಸಿಕ ಗಟ್ಟಿತನ ಅಂದರೆ ಏನು ಎಂದು ಕೇಳಿದರು. ಅವರು ಹೇಳಿದ ಗುಣಗಳ ಪಟ್ಟಿಯಲ್ಲಿ ಮೊದಲು ನಿಂತದ್ದು ನೋವು ನುಂಗುವ ಶಕ್ತಿಯಲ್ಲ, ತನ್ನಿಂದ ಗುರಿ ಮುಟ್ಟಲು ಆಗುತ್ತದೆ ಎಂಬ ಅಲುಗದ ನಂಬಿಕೆ. ದಿನಾ ‘ನಿನ್ನ ಕೈಲಿ ಏನಾಗತ್ತೋ’ ಎಂದು ಕೇಳಿಸಿಕೊಳ್ಳುವ ಹುಡುಗನಲ್ಲಿ ಈ ನಂಬಿಕೆ ಎಲ್ಲಿಂದ ಬರಬೇಕು?

ಭಾರತದಲ್ಲಿ ಈ ತಿರುವು ಜನರ ಕಣ್ಣಿಗೆ ಬಿದ್ದದ್ದು 2003ರ ವಿಶ್ವಕಪ್‌ನಲ್ಲಿ. ಸೆಂಚುರಿಯನ್‌ನಲ್ಲಿ ಆಸ್ಟ್ರೇಲಿಯಾ ಎದುರು 125ಕ್ಕೆ ಆಲೌಟಾಗಿ ಸೋತ ತಂಡದ ಪ್ರತಿಕೃತಿಗಳನ್ನು ಇಲ್ಲಿ ಸುಟ್ಟರು. ಅಲ್ಲಿಂದ ಅದೇ ತಂಡ ಸತತ ಎಂಟು ಪಂದ್ಯ ಗೆದ್ದು ಫೈನಲ್ ತಲುಪಿತು. ಕೋಚ್ ಜಾನ್ ರೈಟ್ ಜೊತೆ ಮನಶ್ಶಾಸ್ತ್ರಜ್ಞ ಸ್ಯಾಂಡಿ ಗಾರ್ಡನ್ ಕೆಲಸ ಮಾಡಿದ್ದರು. ಹೆಗಲ ಮೇಲೆ ಕೈಹಾಕಿ ವೃತ್ತವಾಗಿ ನಿಲ್ಲುವುದು ಆಗ ತಂಡದ ರೂಢಿಯಾಯಿತು. ಅರಸೀಕೆರೆ ತಾಲೂಕಿನ ಊರೊಂದನ್ನು ತಮ್ಮ ಹೆಸರಿನಲ್ಲೇ ಹೊತ್ತ ಜಾವಗಲ್ ಶ್ರೀನಾಥ್ ಆ ವೃತ್ತದ ಹಿರಿಯರಲ್ಲೊಬ್ಬರು. ಅದು ಅವರ ಕೊನೆಯ ವಿಶ್ವಕಪ್. 16 ವಿಕೆಟ್ ಕಿತ್ತರು.

ಮುಂದಿನದು ವೇಗವಾಗಿ ನಡೆಯಿತು. 2008ರಲ್ಲಿ ಕ್ರಿಕೆಟ್ ತಂಡದ ಕೋಚ್ ಗ್ಯಾರಿ ಕರ್ಸ್ಟನ್ ಜೊತೆ ಬಂದ ಮಾನಸಿಕ ತರಬೇತುದಾರ ಪ್ಯಾಡಿ ಅಪ್ಟನ್ 2011ರ ವಿಶ್ವಕಪ್ ಗೆಲುವಿನವರೆಗೂ ಇದ್ದರು. 2023ರಲ್ಲಿ ಅವರು ಪುರುಷರ ಹಾಕಿ ತಂಡಕ್ಕೆ ಸೇರಿದರು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನ 17ನೇ ನಿಮಿಷದಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ ಹತ್ತು ಜನ ಬ್ರಿಟನ್ ತಂಡವನ್ನು 1–1ರಲ್ಲಿ ತಡೆದು ಶೂಟೌಟ್‌ನಲ್ಲಿ 4–2ರಿಂದ ಗೆದ್ದರು. ಈ ಎರಡರ ನಡುವಿನ ವರ್ಷಗಳಲ್ಲಿ ರಾಹುಲ್ ದ್ರಾವಿಡ್ ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳಲ್ಲಿ ಮಾಡಿದ ಕೆಲಸಕ್ಕೆ ಸದ್ದು ಕಡಿಮೆ. ಪ್ರವಾಸಕ್ಕೆ ಬಂದ ಪ್ರತಿಯೊಬ್ಬ ಹುಡುಗನಿಗೂ ಆಡಲು ಅವಕಾಶ ಸಿಗಬೇಕು ಎಂದು ಅವರು ಹಟ ಹಿಡಿದರು. ಬೆಂಚಿನ ಮೇಲೆ ಕೂತೇ ವಾಪಸಾಗುವ ಹುಡುಗನ ಸಂಕಟ ಅವರಿಗೆ ಗೊತ್ತಿತ್ತು. ನನ್ನ ಪಾಲಿಗೆ ತಂಡ ಕಟ್ಟುವ ಅತ್ಯಂತ ದೊಡ್ಡ ಕೆಲಸ ಇದೇ.

ನ್ಯೂಜಿಲೆಂಡಿನ ರಗ್ಬಿ ತಂಡ ಆಲ್ ಬ್ಲ್ಯಾಕ್ಸ್ 2007ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಸೋತಾಗಲೂ ಕೋಚ್ ಗ್ರಹಾಂ ಹೆನ್ರಿಯನ್ನು ತೆಗೆದುಹಾಕಲಿಲ್ಲ. ಒತ್ತಡದಲ್ಲಿ ತಲೆ ಬಿಸಿಯಾದಾಗ ಉಸಿರಾಟದತ್ತ, ಸುತ್ತಲಿನತ್ತ ಗಮನ ತಿರುಗಿಸಿಕೊಂಡು ತಣ್ಣಗಾಗುವುದನ್ನು ಆಟಗಾರರು ಕೌಶಲವೆಂದೇ ಅಭ್ಯಾಸ ಮಾಡಿದರು. 2011ರಲ್ಲಿ 8–7ರ ಅಂತರದಲ್ಲಿ ಕಪ್ ಗೆದ್ದರು. ಪಂದ್ಯ ಮುಗಿದ ಮೇಲೆ ಹಿರಿಯ ಆಟಗಾರರೇ ಡ್ರೆಸಿಂಗ್ ರೂಮಿನ ಕಸ ಗುಡಿಸುವ ಅವರ ಪದ್ಧತಿಯನ್ನು ಜಗತ್ತು ಬೆರಗಿನಿಂದ ಕೊಂಡಾಡಿತು. ಮಟ್ಟಿ ಅಗೆದು ಅಭ್ಯಾಸ ಶುರುಮಾಡುತ್ತಿದ್ದ ನಮ್ಮ ಪೈಲ್ವಾನರಿಗೆ ಅದು ಹೊಸದಾಗಿ ಕಾಣುತ್ತಿರಲಿಲ್ಲ.

2025ರ ಮಹಿಳಾ ವಿಶ್ವಕಪ್‌ನಲ್ಲಿ ಅಮೋಲ್ ಮಜುಂದಾರ್ ತರಬೇತಿಯ ಭಾರತ ಲೀಗ್ ಹಂತದಲ್ಲಿ ಸತತ ಮೂರು ಪಂದ್ಯ ಸೋತಿತು. ನಡುವೆ ತಂಡದಿಂದ ಹೊರಗೂ ಕೂತಿದ್ದ ಜೆಮಿಮಾ ರಾಡ್ರಿಗಸ್ ಸೆಮಿಫೈನಲ್‌ನಲ್ಲಿ ಅಜೇಯ 127 ಹೊಡೆದು, ಆಸ್ಟ್ರೇಲಿಯಾ ಕೊಟ್ಟ 339ರ ಗುರಿ ಮುಟ್ಟಿಸಿದರು. ಆಮೇಲೆ ತಾವು ಆತಂಕದಿಂದ ನರಳಿದ್ದು, ಅತ್ತಿದ್ದು, ಗೆಳತಿಯರು ಜೊತೆಗೆ ನಿಂತದ್ದು ಎಲ್ಲವನ್ನೂ ಬಹಿರಂಗವಾಗಿ ಹೇಳಿಕೊಂಡರು. ನವೆಂಬರ್ 2ರಂದು ಕಪ್ ಭಾರತದ್ದಾಯಿತು. ಅಳುವುದಕ್ಕೂ ಗಟ್ಟಿತನಕ್ಕೂ ವಿರೋಧವಿಲ್ಲ ಎಂದು ಅಷ್ಟು ದೊಡ್ಡ ವೇದಿಕೆಯಲ್ಲಿ ಕಾಣಿಸಿದ್ದು ನಮ್ಮ ಜಿಲ್ಲೆಗಳ ಹುಡುಗಿಯರಿಗೆ ಸಿಕ್ಕ ದೊಡ್ಡ ಬಲ.

ನಮ್ಮ ಹೋಬಳಿ ಮಟ್ಟದ ಕೂಟಗಳಲ್ಲೂ ಈಗ ಕಬಡ್ಡಿ ತಂಡಗಳು ಹೆಗಲಿಗೆ ಹೆಗಲು ಕೊಟ್ಟು ವೃತ್ತವಾಗಿ ನಿಲ್ಲುತ್ತವೆ. ಆದರೆ ರೈಡ್‌ಗೆ ಹೋದ ಹುಡುಗ ಸಿಕ್ಕಿಬಿದ್ದ ಕೂಡಲೇ ಗೆರೆಯಾಚೆಯಿಂದ ಬೈಗುಳ ಬರುತ್ತದೆ. ಅಂಥವನು ಮುಂದಿನ ರೈಡ್‌ನಲ್ಲಿ ಪಾಯಿಂಟ್ ತರುವ ಯೋಚನೆ ಬಿಟ್ಟು ಸುಮ್ಮನೆ ಬೋನಸ್ ಗೆರೆ ನೋಡಿ ಹಿಂತಿರುಗುತ್ತಾನೆ. ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ 2010ರಿಂದಲೇ ನಿಷೇಧಿಸಿದೆ. ಆಟದ ಮೈದಾನವೂ ಶಾಲೆಯ ಭಾಗವೇ.

ಮೇಷ್ಟ್ರ ಕಷ್ಟವೂ ಸಣ್ಣದಲ್ಲ. ಕೂಟಗಳು ನಡೆಯುವುದು ಮಳೆಗಾಲದಲ್ಲಿ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮೈದಾನ ಕೆಸರಾಗಿರುವ ದಿನಗಳೇ ಹೆಚ್ಚು. ಇಡೀ ಶಾಲೆಗೆ ಒಬ್ಬರೇ ದೈಹಿಕ ಶಿಕ್ಷಕರಿದ್ದರೆ ಕೂಟಕ್ಕೆ ಕೆಲವೇ ದಿನ ಮುಂಚೆ ತಂಡ ಆರಿಸುವ ಪರಿಸ್ಥಿತಿ. ಅಷ್ಟರಲ್ಲಿ ಮಕ್ಕಳು ಪರಸ್ಪರ ನಂಬುವ ತಂಡವಾಗುವುದಾದರೂ ಹೇಗೆ? ಅದಕ್ಕೇ ತಂಡವನ್ನು ಜೂನ್‌ನಲ್ಲೇ ಆರಿಸಬೇಕು. ಮಳೆಯ ದಿನ ತರಗತಿಯೊಳಗೇ ಕೂರಿಸಿ ಹಿಂದಿನ ಪಂದ್ಯದ ತಪ್ಪುಗಳನ್ನು ಮಕ್ಕಳ ಬಾಯಲ್ಲೇ ಹೇಳಿಸಬಹುದು. ಕೋರ್ಟಿಗೆ ಸುಣ್ಣದ ಗೆರೆ ಎಳೆಯುವ ಕೆಲಸ ಹತ್ತನೇ ಕ್ಲಾಸಿನವರಿಗೆ, ಹೊಸಬರಿಗೆ ಅಭ್ಯಾಸದ ಮೊದಲ ರೈಡ್. ಇದಕ್ಕೆ ಹೊಸ ಕ್ರೀಡಾಂಗಣವೂ ಬೇಡ, ಅನುದಾನವೂ ಬೇಡ. ಬೇಕಾದದ್ದು ಶಿಕ್ಷಕರಿಗೆ ಸೇವೆಯಲ್ಲಿರುವಾಗ ಕೊಡುವ ತರಬೇತಿಯಲ್ಲಿ ನಿಯಮ ಪುಸ್ತಕದ ಜೊತೆ ಮಕ್ಕಳ ಮನಸ್ಸಿನ ಪಾಠಕ್ಕೂ ಒಂದಿಷ್ಟು ಹೊತ್ತು, ಮತ್ತು ಆ ಹೊತ್ತನ್ನು ಕೇಳಿ ಪಡೆಯುವ ನಮ್ಮ ಪೋಷಕರು.