ಬೂದಿ ಬುಧವಾರ

ಫೆಬ್ರವರಿಯಲ್ಲೋ ಮಾರ್ಚ್ ಶುರುವಿನಲ್ಲೋ ಒಂದು ಬುಧವಾರ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನಿಂದ ಹೊರಗೆ ಬರುವವರ ಹಣೆ ನೋಡಿ. ನಡುವೆ ಬೂದಿಯ ಶಿಲುಬೆ ಗುರುತು ಇರುತ್ತೆ. ಅದೇ ಬೂದಿ ಬುಧವಾರ. ವಿಭೂತಿ ಬುಧವಾರ ಅಂತಲೂ ಹೇಳುತ್ತಾರೆ. ಹೆಚ್ಚಿನ ಕ್ಯಾಥೊಲಿಕರಿಗೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ, ಅಂದರೆ ಉಪವಾಸದ ದಿನಗಳು, ಅವತ್ತಿನಿಂದ ಶುರು.

ತಪಸ್ಸು ಕಾಲ 40 ದಿನ ಅಂತಾರೆ, ಕ್ಯಾಲೆಂಡರ್ ಹಿಡಿದು ಎಣಿಸಿದರೆ ಈಸ್ಟರ್‌ಗೆ 46 ದಿನ ಇರುತ್ತೆ. ಭಾನುವಾರ ಯೇಸು ಮತ್ತೆ ಎದ್ದು ಬಂದ ದಿನ, ಅವತ್ತು ಉಪವಾಸ ಇಲ್ಲ. ಆ ಆರು ಭಾನುವಾರ ಕಳೆದರೆ ಲೆಕ್ಕ ಸರಿ. ಹಿಂದೆ ರೋಮ್‌ನಲ್ಲಿ ಈಸ್ಟರ್‌ಗೆ ಆರು ವಾರ ಮುಂಚಿನ ಭಾನುವಾರದಿಂದ ಶುರು ಮಾಡುತ್ತಿದ್ದರು. ಆಗ ಉಪವಾಸಕ್ಕೆ ಸಿಗುತ್ತಿದ್ದದ್ದು 36 ದಿನ. ಯೇಸು ಮರುಭೂಮಿಯಲ್ಲಿ ಉಪವಾಸ ಇದ್ದ 40ಕ್ಕೆ ಹೊಂದಿಸಲು ನಾಲ್ಕು ದಿನ ಮುಂಚೆ ಶುರು ಮಾಡಿದರು, ಅದು ಬುಧವಾರಕ್ಕೆ ಬಂತು.

ಈ ಬೂದಿ ಎಲ್ಲಿಂದ ಬರುತ್ತೆ ಅನ್ನೋದು ನನಗೆ ಜಾಸ್ತಿ ಇಷ್ಟ. ಈಸ್ಟರ್‌ಗೆ ಒಂದು ವಾರ ಮೊದಲು ಗರಿಗಳ ಭಾನುವಾರ. ಅವತ್ತು ಗುರುಗಳು ಮಂತ್ರಿಸಿ ಕೊಟ್ಟ ಗರಿಯನ್ನು ಮನೆಗೆ ತಂದು ದೇವರ ಪಟಕ್ಕೆ ಸಿಕ್ಕಿಸುತ್ತಾರೆ. ನಮ್ಮ ಕಡೆ ತೆಂಗಿನ ಎಳೆ ಗರಿಯಾದರೂ ನಡೆಯುತ್ತೆ. ವರ್ಷ ಪೂರ್ತಿ ಅದು ಅಲ್ಲೇ ಒಣಗುತ್ತೆ. ಮುಂದಿನ ವರ್ಷ ಅವನ್ನೇ ಒಟ್ಟು ಮಾಡಿ ಸುಟ್ಟು, ಜರಡಿ ಹಿಡಿದು ಬೂದಿ ಮಾಡುತ್ತಾರೆ. ಗುರುಗಳು ಹೆಬ್ಬೆರಳಲ್ಲಿ ಹಚ್ಚುತ್ತಾ, 'ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುವೆ' ಅನ್ನೋ ಅರ್ಥದ ಮಾತು ಹೇಳುತ್ತಾರೆ. ಬೈಬಲಿನ ಆದಿಕಾಂಡದ ಮಾತು ಅದು. ಇಟಲಿಯಲ್ಲಿ ಹಣೆಗೆ ಹಚ್ಚೋದಕ್ಕಿಂತ ನೆತ್ತಿ ಮೇಲೆ ಉದುರಿಸೋದೇ ರೂಢಿ.

ಮೊದಲಿಗೆ ಇದು ಎಲ್ಲರಿಗೂ ಇರಲಿಲ್ಲ. ಊರಿಗೆಲ್ಲ ಗೊತ್ತಾಗುವಂಥ ದೊಡ್ಡ ತಪ್ಪು ಮಾಡಿದವರು ಗೋಣಿಯಂಥ ಒರಟು ಬಟ್ಟೆ ತೊಟ್ಟು, ಬೂದಿ ಹಾಕಿಸಿಕೊಂಡು, ಪೂಜೆಯಿಂದ ದೂರ ಇರಬೇಕಿತ್ತು. ಈಸ್ಟರ್ ಹತ್ತಿರದ ಗುರುವಾರ ಅವರನ್ನು ಮತ್ತೆ ಒಳಗೆ ಸೇರಿಸಿಕೊಳ್ಳುತ್ತಿದ್ದರು. ಆ ಕಟ್ಟುನಿಟ್ಟು ಬರಬರುತ್ತಾ ಸಡಿಲಾಯಿತು, ಬೂದಿ ಮಾತ್ರ ಉಳಿಯಿತು. 1091ರಲ್ಲಿ ಇಟಲಿಯ ಬೆನೆವೆಂಟೊದಲ್ಲಿ ಪೋಪ್ ಎರಡನೇ ಅರ್ಬನ್ ನಡೆಸಿದ ಸಭೆ, ಎಲ್ಲರೂ ಹಾಕಿಸಿಕೊಳ್ಳಲಿ ಅಂತ ಹೇಳಿತು. ತಪ್ಪು ಮಾಡದವರು ಯಾರಿದ್ದಾರೆ, ಅಲ್ವಾ? ನಾಲ್ಕು ಶತಮಾನದ ಮೇಲೆ, ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ ಪ್ರೊಟೆಸ್ಟೆಂಟರು ಬಹುಪಾಲು ಇದನ್ನು ಕೈಬಿಟ್ಟರು. ಹಾಗಾಗಿ ಊರಿನ ಎಲ್ಲ ಕ್ರೈಸ್ತರ ಹಣೆಯಲ್ಲೂ ಬೂದಿ ಕಾಣೋದಿಲ್ಲ.

ಪಕ್ಕದ ಭದ್ರಾವತಿಗೆ ಹೋದರೆ ದಿನವೇ ಬೇರೆ. 2007ರಿಂದ ಅಲ್ಲಿ ಕೇರಳ ಮೂಲದ ಸಿರೋ ಮಲಬಾರ್ ಸಭೆಯ ಧರ್ಮಪ್ರಾಂತ್ಯ (ಒಬ್ಬ ಬಿಷಪ್‌ಗೆ ಸೇರಿದ ಪ್ರದೇಶ) ಇದೆ. ಕೇರಳದಿಂದ ಬಂದು ಮಲೆನಾಡಲ್ಲಿ ನೆಲೆ ನಿಂತ ಎಷ್ಟೋ ಕುಟುಂಬಗಳು ಅದಕ್ಕೆ ಸೇರಿವೆ. ಅವರೂ ಕ್ಯಾಥೊಲಿಕರೇ, ಪೂಜೆಯ ಪದ್ಧತಿ ಮಾತ್ರ ಪೂರ್ವ ಸಿರಿಯಾಕ್ ಅನ್ನೋ ಹಳೆಯ ಪರಂಪರೆಯದ್ದು. ಆ ಪದ್ಧತಿಯಲ್ಲಿ ಉಪವಾಸ ಸೋಮವಾರ ಶುರುವಾಗುತ್ತೆ, ಬೂದಿಯೂ ಅವತ್ತೇ. ಹೆಸರು ವಿಭೂತಿ ಸೋಮವಾರ. ಅವರು ಭಾನುವಾರಗಳನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ, ಹಾಗಾಗಿ ಅವರದ್ದಕ್ಕೆ 50 ದಿನದ ನೋಂಬು (ಉಪವಾಸ) ಅಂತಾರೆ.