ತಟ್ಟೆಯ ಬಾಡು, ಮೈಯ ಮಾಂಸ: ಲಾಟ್ವಿಯಾದ ಎರಡು ಪದಗಳು

ಲಾಟ್ವಿಯಾದ ರಾಜಧಾನಿ ರೀಗಾಕ್ಕೆ ಓದಲು ಹೊರಟಿದ್ದ ನಮ್ಮ ಕಡೆಯ ಮಕ್ಕಳಿಗೆಂದು ಲಾಟ್ವಿಯನ್ ಭಾಷೆಯ ಒಂದು ಸಣ್ಣ ಪದಪಟ್ಟಿ ಮಾಡಿಕೊಟ್ಟಿದ್ದೆ. ಅದರಲ್ಲಿ ‘ಗಲ್ಯ: ಮಾಂಸ’ ಎಂದಷ್ಟೇ ಬರೆದು ಮುಂದಕ್ಕೆ ಹೋಗಿದ್ದೆ. ದನದ ಮಾಂಸ ತಿನ್ನದ ಒಬ್ಬ ವಿದ್ಯಾರ್ಥಿನಿ ಆ ಪಟ್ಟಿ ಹಿಡಿದು ಅಂಗಡಿಗೆ ಹೋಗಿ, ಪೊಟ್ಟಣಗಳ ಮೇಲೆ ‘ಗುವೊವ್ಸ್’ ಎಂಬ ಪದ ಇದೆಯೇ ಎಂದು ಹುಡುಕಿದಳು. ಗುವೊವ್ಸ್ ಎಂದರೆ ಹಸು, ನಮ್ಮ ‘ಗೋ’ ಶಬ್ದದ ನೆಂಟ. ಆ ಪದ ಕಾಣಲಿಲ್ಲವೆಂದು ಧೈರ್ಯವಾಗಿ ಒಂದು ಪೊಟ್ಟಣ ಕೊಂಡಳು. ಅದರ ಮೇಲಿದ್ದದ್ದು ‘ಲಿಯೆಲ್ಲೊಪು ಗಲ್ಯ’. ‘ಲಿಯೆಲ್ಸ್’ ಎಂದರೆ ದೊಡ್ಡದು, ‘ಲೊಪ್ಸ್’ ಎಂದರೆ ಜಾನುವಾರು. ದೊಡ್ಡ ಜಾನುವಾರಿನ ಮಾಂಸ, ಅಂದರೆ ದನದ್ದೇ. ಆಮೇಲೆ ಅವಳು ಫೋನ್ ಮಾಡಿ ಅತ್ತಾಗ, ಅರ್ಧ ಅರ್ಥ ಕೊಟ್ಟು ಕೈತೊಳೆದುಕೊಂಡ ತಪ್ಪು ನನ್ನದು ಎಂದು ಗೊತ್ತಾಯಿತು. ಹಂದಿಯದಾದರೆ ಸುಲಭ: ‘ತ್ಸೂಕಾ’ ಹಂದಿ, ‘ತ್ಸೂಕ್‌ಗಲ್ಯ’ ಹಂದಿಮಾಂಸ.

ಓದುವಾಗಲೂ ಒಂದು ತೊಡಕಿದೆ. ಈ ಪದದ ‘ಲ’ಕಾರದ ಅಡಿಯಲ್ಲಿ ಅಲ್ಪವಿರಾಮದಂಥ ಒಂದು ಗುರುತು ಇರುತ್ತದೆ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ‘ಳ’ಕ್ಕೆ ಅಡಿಚುಕ್ಕಿ ಹಾಕುವ ರೂಢಿ ನಮ್ಮವರಿಗಿರುವುದರಿಂದ ಎಷ್ಟೋ ಜನ ಇದನ್ನು ‘ಗಳ’ ಎಂದು ಓದಿಬಿಡುತ್ತಾರೆ. ಅದು ‘ಳ’ ಅಲ್ಲ. ನಾಲಿಗೆಯ ನಡುಭಾಗವನ್ನು ಅಂಗುಳಕ್ಕೆ ಒತ್ತಿ ಹೇಳುವ ಮೆದು ‘ಲ್ಯ’. ಗುರುತನ್ನೇ ಬಿಟ್ಟರೆ ಪದ ‘ಗಲ’ ಆಗುತ್ತದೆ, ಅದಕ್ಕೆ ‘ಕೊನೆಯ’ ಎಂಬ ಅರ್ಥ. ‘ಬೆಜ಼್ ಗಲ್ಯಸ್’ ಎಂದರೆ ಮಾಂಸವಿಲ್ಲದ, ‘ಅರ್ ಗಲ್ಯು’ ಎಂದರೆ ಮಾಂಸವಿರುವ. ನಮ್ಮಲ್ಲಿ ವಿಭಕ್ತಿಗೆ ತಕ್ಕಂತೆ ಪದದ ಬಾಲ ಬದಲಾಗುವಂತೆ ಅಲ್ಲೂ ಬದಲಾಗುತ್ತದೆ. ಸಸ್ಯಾಹಾರಿಗಳು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು: ‘ಬೆಜ಼್ ಗಲ್ಯಸ್’ ಎಂದ ಮಾತ್ರಕ್ಕೆ ಮೀನಿಲ್ಲ ಎಂದಾಗುವುದಿಲ್ಲ.

ಇದಿಷ್ಟು ಅಂಗಡಿಯ ಮಾತು. ನನಗೆ ನಿಜವಾಗಿ ಹೇಳಬೇಕೆನಿಸುವುದು ಇನ್ನೊಂದು ಪದದ ಬಗ್ಗೆ.

ಲಾಟ್ವಿಯನ್‌ನಲ್ಲಿ ‘ಮಿಯೆಸ’ ಎಂಬ ಪದವಿದೆ. ನಮ್ಮ ‘ಮಾಂಸ’ದ ನಿಜವಾದ ದಾಯಾದಿ ಇದೇ, ಗಲ್ಯ ಅಲ್ಲ. ಆದರೆ ಮಿಯೆಸ ಅಡುಗೆಮನೆಗೆ ಬರುವುದಿಲ್ಲ. ಅದು ಬದುಕಿರುವ ಮೈ, ದೇಹ. ‘ಮಿಯೆಸಸ್‌ಸರ್ಗ್ಸ್’ ಅಂಗರಕ್ಷಕ. ‘ಮಿಯೆಸೀಗ್ಸ್ ಬ್ರಾಲಿಸ್’ ಒಡಹುಟ್ಟಿದ ಅಣ್ಣ ಅಥವಾ ತಮ್ಮ. ನ್ಯಾಯಾಲಯದ ಕಾಗದಗಳಲ್ಲಿ ದೈಹಿಕ ಗಾಯಕ್ಕೂ ಇದೇ ಪದದಿಂದ ಹೆಸರು ಕಟ್ಟಿದ್ದಾರೆ.

ಕನ್ನಡದ ಕಿವಿಗೆ ಇದು ವಿಚಿತ್ರವೇನಲ್ಲ. ನಮ್ಮ ‘ಮಾಂಸ’ ಎರಡೂ ಕಡೆ ಓಡಾಡುತ್ತದೆ, ಮಾಂಸದಂಗಡಿಯಲ್ಲೂ ಇದೆ, ಮಾಂಸಖಂಡದಲ್ಲೂ ಇದೆ. ‘ಬಾಡು’ ಹಾಗಲ್ಲ. ತನ್ನ ತೊಡೆಯನ್ನು ಮುಟ್ಟಿಕೊಂಡು ಯಾರೂ ಬಾಡು ಎನ್ನುವುದಿಲ್ಲ, ಅದು ಊಟಕ್ಕೆ ಸೇರಿದ ಪದ. ಆದ್ದರಿಂದ ಗಲ್ಯಕ್ಕೆ ಕನ್ನಡದಲ್ಲಿ ತಕ್ಕ ಜೋಡಿ ಬಾಡು ಎಂದೇ ನಾನು ಈಗ ಹೇಳುತ್ತೇನೆ. ಶಿಷ್ಟವಲ್ಲ ಎಂದು ಕೆಲವರು ಮೂಗು ಮುರಿಯಬಹುದು, ಅರ್ಥ ಮಾತ್ರ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಮಾಂಸದ ಹಳೆಯ ಮೂಲ ಲಾಟ್ವಿಯನ್‌ನಲ್ಲಿ ಮಿಯೆಸ ಆದದ್ದು ಹೇಗೆ? ‘ಪಂಚ’ವನ್ನು ನೋಡಿದರೆ ತಿಳಿಯುತ್ತದೆ. ಐದಕ್ಕೆ, ಲಾಟ್ವಿಯನ್ನಿನ ಸೋದರ ಭಾಷೆಯನ್ನಾಡುವ ಲಿಥುವೇನಿಯನ್ನರು ‘ಪೆಂಕಿ’ ಎನ್ನುತ್ತಾರೆ, ಅನುನಾಸಿಕ ಉಳಿದಿದೆ. ಲಾಟ್ವಿಯನ್‌ನಲ್ಲಿ ಆ ‘ಎನ್’ ಕರಗಿ ‘ಇಯೆ’ ಆಗಿ ‘ಪಿಯೆತ್ಸಿ’ ಆಯಿತು. ಪೂರ್ವದ ಲಾಟ್ಗಾಲೆ ಪ್ರಾಂತ್ಯದ ಲಾಟ್ಗೇಲಿಯನ್‌ನಲ್ಲಿ ಅದೇ ಜಾಗಕ್ಕೆ ‘ಈ’ ಬಂದು ‘ಪೀತ್ಸಿ’ ಆಯಿತು. ಮಾಂಸದ ಕಥೆಯೂ ಇದೇ. ಇವುಗಳ ಇನ್ನೊಂದು ಸೋದರಿ, ಸತ್ತುಹೋದ ಹಳೆಯ ಪ್ರಷ್ಯನ್ ಭಾಷೆಯಲ್ಲಿ ‘ಮೆನ್ಸಾ’, ಲಾಟ್ವಿಯನ್‌ನಲ್ಲಿ ‘ಮಿಯೆಸ’, ಲಾಟ್ಗೇಲಿಯನ್‌ನಲ್ಲಿ ‘ಮೀಸ’. ಪಕ್ಕದ ಲಿಥುವೇನಿಯಾದಲ್ಲಿ ಮಾತ್ರ ಇದೇ ಮೂಲದ್ದೆನ್ನುವ ‘ಮೇಸಾ’ ತಟ್ಟೆಯ ಮೇಲೇ ಇದೆ. ಅದು ಸ್ಲಾವಿಕ್ ನೆರೆಯವರಿಂದ ಬಂದ ಪದವೆಂಬ ವಾದವೂ ಇದೆ. ರಷ್ಯನ್ನರ ‘ಮ್ಯಾಸ’, ಪೋಲೆಂಡಿನ ‘ಮ್ಯೆಂಸೊ’ ಇದೇ ಬಳಗದವು, ಅವೂ ತಿನ್ನುವ ಮಾಂಸವೇ.

ತಿನ್ನುವ ಮಾಂಸಕ್ಕೆ ಲಾಟ್ಗೇಲಿಯನ್ನರೂ ಗಲ್ಯ ಎಂದೇ ಅನ್ನುತ್ತಾರೆ. ಹಂದಿ ಅಲ್ಲಿ ‘ತ್ಸ್ಯುಕ’, ಹಸು ‘ಗೂವ್ಸ್’. ಇಷ್ಟು ಹತ್ತಿರವಿದ್ದರೆ ಇದನ್ನು ಬೇರೆ ಭಾಷೆ ಎನ್ನುವುದೇಕೆ ಎಂದು ಕೇಳುವವರಿದ್ದಾರೆ. ಲಾಟ್ವಿಯಾದ 1999ರ ರಾಜ್ಯಭಾಷಾ ಕಾಯ್ದೆ ಲಾಟ್ಗೇಲಿಯನ್ ಬರಹಭಾಷೆಯನ್ನು ಲಾಟ್ವಿಯನ್ನಿನ ಐತಿಹಾಸಿಕ ರೂಪವೆಂದು ಕರೆದು, ಉಳಿಸಿ ಬೆಳೆಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ರಷ್ಯಾದ ಚಕ್ರಾಧಿಪತ್ಯ 1865ರಿಂದ 1904ರವರೆಗೆ ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಹಾಕುವುದನ್ನೇ ಅಲ್ಲಿ ನಿಷೇಧಿಸಿತ್ತು. ಅಂಥ 40 ವರ್ಷ ದಾಟಿ ಬಂದ ಬರಹಕ್ಕೆ ಅದರದೇ ಹೆಸರಿನ ಗೌರವ ಸಲ್ಲಬೇಕೆಂಬುದು ನನ್ನ ನಿಲುವು.

ಲಾಟ್ಗಾಲೆ ಕ್ಯಾಥೊಲಿಕ್ಕರ ನಾಡು. ಅಲ್ಲಿನ ಆಗ್ಲೋನ ಬಸಿಲಿಕಾ ಎಂಬ ದೊಡ್ಡ ಚರ್ಚಿಗೆ ಪ್ರತಿ ಆಗಸ್ಟ್ 15ರಂದು ಯಾತ್ರಿಕರು ಕಿಕ್ಕಿರಿದು ಸೇರುತ್ತಾರೆ. ಈ ಎರಡು ಪದಗಳ ನಡುವಿನ ಗೆರೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಇಂಥ ಕಡೆ. ಉಪವಾಸದ ದಿನ ಭಕ್ತ ಬಿಡುವುದು ಗಲ್ಯವನ್ನು. ಪೂಜೆಯಲ್ಲಿ ಗುರು ರೊಟ್ಟಿ ಎತ್ತಿ ಹಿಡಿದಾಗ ಅದು ಕ್ರಿಸ್ತನ ಮಿಯೆಸ. ಕನ್ನಡಕ್ಕೆ ತರುವಾಗ ಎರಡಕ್ಕೂ ‘ಮಾಂಸ’ ಎಂದು ಬರೆದರೆ ಬಿಟ್ಟದ್ದೂ ಪಡೆದದ್ದೂ ಒಂದೇ ಎಂಬಂತಾಗುತ್ತದೆ. ನನ್ನ ಪಟ್ಟಿಯಲ್ಲಿ ಈಗ ಎರಡು ಸಾಲುಗಳಿವೆ. ಗಲ್ಯದ ಎದುರು ‘ಬಾಡು, ತಿನ್ನುವ ಮಾಂಸ’, ಮಿಯೆಸದ ಎದುರು ‘ಮೈ, ಒಡಲು’.