ಧರ್ಮಗ್ರಂಥ ಸುಡುವ ಪ್ರತಿಭಟನೆ ಯಾಕೆ ಸೋಲುತ್ತದೆ? ಒಂದು ಅಧ್ಯಯನ ಟಿಪ್ಪಣಿ

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳೋಣ. ಧರ್ಮಗ್ರಂಥ ಸುಡಲು ಕಾನೂನು ಬಿಡಬೇಕೇ ಬೇಡವೇ ಎನ್ನುವುದು ಒಂದು. ಸುಟ್ಟರೆ ಪ್ರತಿಭಟನೆ ಗೆಲ್ಲುತ್ತದೆಯೇ ಎನ್ನುವುದು ಇನ್ನೊಂದು. ಚರ್ಚೆಗೆ ಕೂತಾಗ ಇವೆರಡೂ ಕಲಸಿಹೋಗುತ್ತವೆ. ಒಬ್ಬರು ವಾಕ್ ಸ್ವಾತಂತ್ರ್ಯ ಅನ್ನುತ್ತಾರೆ, ಇನ್ನೊಬ್ಬರು ಭಾವನೆಗೆ ಧಕ್ಕೆ ಅನ್ನುತ್ತಾರೆ, ಮಾತು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಈ ಟಿಪ್ಪಣಿ ಎರಡನೇ ಪ್ರಶ್ನೆಯನ್ನು ಮಾತ್ರ ಹಿಡಿದು ಹೊರಟಿದೆ. ಸುಡುವ ಹಕ್ಕು ಇದೆ ಎಂದು ನಂಬುವವರೂ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಬೆಂಕಿ ಕೆಲಸ ಮಾಡಿದ ಕಡೆ

ಸುಡುವ ಪ್ರತಿಭಟನೆಗಳೆಲ್ಲ ಸೋತಿವೆ ಎಂದರೆ ಅದು ತಪ್ಪು. ದಕ್ಷಿಣ ಆಫ್ರಿಕಾದ ಪಾಸ್ ಪುಸ್ತಕವನ್ನೇ ನೋಡಿ. ಬಿಳಿಯರ ಆಡಳಿತದಲ್ಲಿ ಕಪ್ಪು ಜನ ಆ ಗುರುತಿನ ಪುಸ್ತಕವನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕಿತ್ತು. ಪೊಲೀಸರು ಕೇಳಿದಾಗ ತೋರಿಸದಿದ್ದರೆ ಜೈಲು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ವಿರೋಧಿಸಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು ಎಂದು ಅಂದಿನ ಅಧಿಕೃತ ಲೆಕ್ಕ. ಒಂದು ವಾರದ ನಂತರ ನೆಲ್ಸನ್ ಮಂಡೇಲಾ ತಮ್ಮ ಪಾಸನ್ನು ಎಲ್ಲರೆದುರು ಸುಟ್ಟರು. ಅದನ್ನು ನೋಡಿದವರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಸುಟ್ಟದ್ದು ಅವರ ಸ್ವಂತ ಪಾಸ್. ಅವರನ್ನು ಕಟ್ಟಿಹಾಕಿದ್ದೂ ಅದೇ. ಶಿಕ್ಷೆ ಬಂದರೆ ಅದೂ ಅವರಿಗೇ.

1921ರಲ್ಲಿ ವಿದೇಶಿ ಬಟ್ಟೆ ಸುಟ್ಟವರದ್ದೂ ಇದೇ ರೀತಿ. ತಮ್ಮ ಮನೆಯ ಬಟ್ಟೆ, ತಮ್ಮ ದುಡ್ಡು. ಜರ್ಮನಿಯ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ 1520ರ ಡಿಸೆಂಬರ್ 10ರಂದು ವಿಟೆನ್‌ಬರ್ಗ್‌ನಲ್ಲಿ ಸುಟ್ಟದ್ದು ಪೋಪ್ ಹೊರಡಿಸಿದ್ದ ಆಜ್ಞಾಪತ್ರ. ನಿನ್ನ ಮಾತು ಹಿಂತೆಗೆದುಕೋ, ಇಲ್ಲದಿದ್ದರೆ ಬಹಿಷ್ಕಾರ ಎಂದು ಬೆದರಿಸಿದ್ದು ಲೂಥರ್‌ನನ್ನೇ. ಈ ಮೂರರಲ್ಲೂ ಬೇಡಿಕೆ ಏನು ಎನ್ನುವುದು ಕೆಲಸದಲ್ಲೇ ಕಾಣುತ್ತದೆ. ಒಳ್ಳೆಯ ಪ್ರತಿಭಟನೆಯ ಗುರುತು ಇದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಂಕಿ ಏನು ಹೇಳುತ್ತದೆ?

ಈಗ ಧರ್ಮಗ್ರಂಥಕ್ಕೆ ಬರೋಣ. ಯಾರೋ ಒಬ್ಬರು ಕುರಾನ್, ಬೈಬಲ್ ಅಥವಾ ಇನ್ನಾವುದೋ ಪವಿತ್ರ ಗ್ರಂಥಕ್ಕೆ ಬೆಂಕಿ ಇಡುತ್ತಾರೆ. ಅವರ ತಕರಾರು ಯಾವುದರ ಮೇಲೆ? ಯಾವುದೋ ಒಂದು ಅಧ್ಯಾಯದ ಮೇಲೋ, ಅದನ್ನು ಹಿಡಿದು ಕಾನೂನು ಮಾಡಿದ ಸರ್ಕಾರದ ಮೇಲೋ, ಅದರ ಹೆಸರಲ್ಲಿ ಕೊಂದವರ ಮೇಲೋ, ಪಕ್ಕದ ಬೀದಿಯಲ್ಲಿ ಅದನ್ನು ಓದಿ ಸಮಾಧಾನ ಪಡೆಯುವ ಅಜ್ಜಿಯ ಮೇಲೋ? ಬೆಂಕಿ ಇದಾವುದನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಸುಡುತ್ತದೆ.

ನನಗೆ ತುಂಬಾ ಮುಖ್ಯ ಅನಿಸಿದ ವಿಷಯ ಇಲ್ಲಿದೆ. ಅನೇಕ ಧರ್ಮಗಳಲ್ಲಿ ಹಳೆಯ ಗ್ರಂಥವನ್ನು ಗೌರವದಿಂದ ಬೀಳ್ಕೊಡುವ ಪದ್ಧತಿ ಇದೆ. ಯಹೂದಿಗಳು ತಮ್ಮ ಧರ್ಮಗ್ರಂಥ ತೋರಾದ ಸವೆದ ಸುರುಳಿಯನ್ನು ಮಣ್ಣು ಮಾಡುತ್ತಾರೆ. ಸಿಖ್ಖರು ಜೀರ್ಣವಾದ ಗುರು ಗ್ರಂಥ ಸಾಹಿಬ್ ಪ್ರತಿಗಳಿಗೆ ಅರ್ದಾಸ್ (ಪ್ರಾರ್ಥನೆ) ಸಲ್ಲಿಸಿ ಅಗ್ನಿಸಂಸ್ಕಾರ ಮಾಡುತ್ತಾರೆ. ಅದನ್ನು ಅಗನ್ ಭೇಟ್ ಅನ್ನುತ್ತಾರೆ. ಪಂಜಾಬಿನ ಗೋಯಿಂದ್‌ವಾಲ್ ಸಾಹಿಬ್‌ನಲ್ಲಿ ಇದಕ್ಕೆಂದೇ ವ್ಯವಸ್ಥೆ ಇದೆ. ಇಸ್ಲಾಂ ಸಂಪ್ರದಾಯದ ಪ್ರಕಾರ ಮೂರನೇ ಖಲೀಫ ಉಸ್ಮಾನ್ ಕುರಾನಿನ ಪ್ರಮಾಣಿತ ಪ್ರತಿ ಸಿದ್ಧಪಡಿಸಿದ ಮೇಲೆ ಉಳಿದ ಪ್ರತಿಗಳನ್ನು ಸುಡಲು ಹೇಳಿದರು. ಹರಿದ ಕುರಾನ್ ಪ್ರತಿಯನ್ನು ಹೂಳಬೇಕು ಎನ್ನುವ ವಿದ್ವಾಂಸರೂ ಇದ್ದಾರೆ, ಗೌರವದಿಂದ ಸುಡಬಹುದು ಎನ್ನುವವರೂ ಇದ್ದಾರೆ.

ಯೋಚನೆ ಮಾಡಿ. ಅದೇ ಕಾಗದ, ಅದೇ ಬೆಂಕಿ. ಒಂದು ಕಡೆ ಅದು ಅಂತಿಮ ಗೌರವ, ಇನ್ನೊಂದು ಕಡೆ ದ್ವೇಷ. ವ್ಯತ್ಯಾಸ ಇರುವುದು ಸುಡುವವರ ಉದ್ದೇಶದಲ್ಲಿ. ಹಾಗಾದರೆ ಪ್ರತಿಭಟನೆ ಎಂದು ಸುಟ್ಟಾಗ ನೋಡುವವರಿಗೆ ಮುಟ್ಟುವುದು ಏನು? ನಿಮ್ಮನ್ನು ಅವಮಾನಿಸಬೇಕೆಂದಿದ್ದೇನೆ ಎನ್ನುವ ಒಂದೇ ಸಂದೇಶ. ಗ್ರಂಥದಲ್ಲಿ ಏನು ತಪ್ಪಿದೆ ಎನ್ನುವ ಮಾತು ಅದರಲ್ಲಿ ಎಲ್ಲೂ ಇಲ್ಲ.

ಕೇಳಿದ್ದೊಂದು, ಆದದ್ದೊಂದು

ಸ್ವೀಡನ್‌ನ ಘಟನೆಗಳನ್ನು ಸ್ವಲ್ಪ ವಿವರವಾಗಿ ನೋಡಬೇಕು. 2023ರ ಜನವರಿ 21ರಂದು ಬಲಪಂಥೀಯ ರಾಜಕಾರಣಿ ರಾಸ್ಮಸ್ ಪಲುದಾನ್ ಸ್ಟಾಕ್‌ಹೋಮ್‌ನ ಟರ್ಕಿ ರಾಯಭಾರ ಕಚೇರಿ ಎದುರು ಕುರಾನ್ ಸುಟ್ಟ. ಆಗ ಸ್ವೀಡನ್ ನ್ಯಾಟೋ ಸೇನಾ ಒಕ್ಕೂಟ ಸೇರಲು ಕಾಯುತ್ತಿತ್ತು, ಅದಕ್ಕೆ ಸದಸ್ಯ ದೇಶವಾದ ಟರ್ಕಿಯ ಒಪ್ಪಿಗೆ ಬೇಕಿತ್ತು. ನಮ್ಮ ಬೆಂಬಲ ನಿರೀಕ್ಷಿಸಬೇಡಿ ಎಂದು ಟರ್ಕಿ ಅಧ್ಯಕ್ಷ ಎರ್ಡೊಗನ್ ಹೇಳಿದರು. ಎರ್ಡೊಗನ್ ವಿರುದ್ಧ ನಡೆದ ಪ್ರತಿಭಟನೆ ಅವರ ಕೈಗೇ ಹೊಸ ಹತಾರ ಕೊಟ್ಟಂತಾಯಿತು. ಜೊತೆಗೆ ಅರ್ಜಿ ಹಾಕಿದ್ದ ಫಿನ್ಲೆಂಡ್ 2023ರ ಏಪ್ರಿಲ್‌ನಲ್ಲಿ ಸದಸ್ಯನಾಯಿತು. ಸ್ವೀಡನ್ 2024ರ ಮಾರ್ಚ್ ತನಕ ಕಾಯಬೇಕಾಯಿತು. ತಡವಾಗಲು ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಸುಟ್ಟದ್ದರಿಂದ ಸ್ವೀಡನ್‌ಗೆ ಒಂದಿಷ್ಟೂ ಸಹಾಯವಾಗಲಿಲ್ಲ.

ಅದೇ ವರ್ಷ ಜೂನ್ 28, ಬಕ್ರೀದ್ ದಿನ. ಇರಾಕ್‌ನಿಂದ ಬಂದು ಆಶ್ರಯ ಪಡೆದಿದ್ದ ಸಲ್ವಾನ್ ಮೋಮಿಕಾ ಸ್ಟಾಕ್‌ಹೋಮ್‌ನ ಮಸೀದಿ ಎದುರು ಕುರಾನ್ ಸುಟ್ಟ. ಕುರಾನನ್ನು ನಿಷೇಧಿಸಬೇಕು ಎನ್ನುವುದು ಅವನ ಬೇಡಿಕೆ. ಮುಂದೆ ಏನಾಯಿತು? ಜುಲೈ 12ರಂದು ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಇಂಥ ಕೃತ್ಯಗಳನ್ನು ಖಂಡಿಸುವ ನಿರ್ಣಯವನ್ನು 28 ಮತಗಳಿಂದ ಒಪ್ಪಿತು. ವಿರೋಧ 12, ತಟಸ್ಥ 7. ಸ್ವೀಡಿಷ್ ಭಾಷೆಯ ಕುರಾನಿನ 1 ಲಕ್ಷ ಪ್ರತಿ ಮುದ್ರಿಸುವುದಾಗಿ ಕುವೈತ್ ಸರ್ಕಾರ ಘೋಷಿಸಿತು. ಜುಲೈ 20ರಂದು ಬಾಗ್ದಾದ್‌ನಲ್ಲಿ ಸ್ವೀಡನ್ ರಾಯಭಾರ ಕಚೇರಿಗೆ ಜನ ನುಗ್ಗಿ ಬೆಂಕಿ ಹಚ್ಚಿದರು. ಇಂಥದ್ದೇ ಸುಡುವಿಕೆ ನಡೆದಿದ್ದ ನೆರೆಯ ಡೆನ್ಮಾರ್ಕ್‌ನಲ್ಲಿ ಡಿಸೆಂಬರ್ 7ರಂದು ಸಂಸತ್ತು ಹೊಸ ಕಾನೂನು ತಂದಿತು. ಸಾರ್ವಜನಿಕವಾಗಿ ಧರ್ಮಗ್ರಂಥಕ್ಕೆ ಅಗೌರವ ತೋರಿದರೆ 2 ವರ್ಷದವರೆಗೆ ಜೈಲು. 2017ರಲ್ಲಷ್ಟೇ ಧರ್ಮನಿಂದೆ ಕಾನೂನನ್ನು ತೆಗೆದುಹಾಕಿದ್ದ ದೇಶ ಅದು! ಗ್ರಂಥ ನಿಷೇಧಿಸಿ ಎಂದು ಹೊರಟ ಪ್ರತಿಭಟನೆಯಿಂದ ಕೊನೆಗೆ ನಿಷೇಧವಾದದ್ದು ಗ್ರಂಥ ಸುಡುವುದು.

2025ರ ಜನವರಿಯಲ್ಲಿ ಮೋಮಿಕಾನನ್ನು ಗುಂಡಿಟ್ಟು ಕೊಂದರು. ಅದು ಕೊಲೆ. ಅವನು ಮಾಡಿದ್ದು ಸೋತ ಪ್ರತಿಭಟನೆ ಎಂದು ಹೇಳುವುದಕ್ಕೂ ಆ ಕೊಲೆಗೆ ಸಮರ್ಥನೆ ಹುಡುಕುವುದಕ್ಕೂ ಏನೂ ಸಂಬಂಧವಿಲ್ಲ. ಉತ್ತರ ಬರೆಯುವಾಗ ಈ ಗೆರೆ ಅಳಿಸಿಹೋಗದಂತೆ ನೋಡಿಕೊಳ್ಳಿ.

2023ರ ಅದೇ ಜುಲೈನಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಇನ್ನೊಂದು ಸಣ್ಣ ಘಟನೆ ಜಾಸ್ತಿ ಜನರಿಗೆ ಗೊತ್ತಿಲ್ಲ. ಇಸ್ರೇಲ್ ರಾಯಭಾರ ಕಚೇರಿ ಎದುರು ತೋರಾ ಮತ್ತು ಬೈಬಲ್ ಸುಡುತ್ತೇನೆ ಎಂದು ಒಬ್ಬ ಯುವಕ ಪೊಲೀಸರಿಂದ ಅನುಮತಿ ಪಡೆದ. ಪತ್ರಕರ್ತರೆಲ್ಲ ಸೇರಿದರು. ಅವನು ಲೈಟರ್ ತೆಗೆದು ನೆಲಕ್ಕೆ ಎಸೆದ. ಸುಡುವ ಉದ್ದೇಶ ಮೊದಲಿಂದಲೂ ಇರಲಿಲ್ಲ, ಟೀಕೆಗೂ ದ್ವೇಷಕ್ಕೂ ಇರುವ ವ್ಯತ್ಯಾಸ ತೋರಿಸಬೇಕಿತ್ತು ಎಂದ. ಇಡೀ ವರ್ಷದ ಗಲಾಟೆಯಲ್ಲಿ ಏನು ಹೇಳಬೇಕಿತ್ತೋ ಅದನ್ನು ಸ್ಪಷ್ಟವಾಗಿ ಹೇಳಿ ಮುಗಿಸಿದವನು ಅವನೊಬ್ಬನೇ ಅನಿಸುತ್ತದೆ.

ಬೆಲೆ ತೆರುವವರು ಯಾರು?

2011ರ ಮಾರ್ಚ್ 20ರಂದು ಅಮೆರಿಕದ ಫ್ಲಾರಿಡಾದಲ್ಲಿ ಟೆರ್ರಿ ಜೋನ್ಸ್ ಎಂಬ ಪಾದ್ರಿಯ ಚರ್ಚ್‌ನಲ್ಲಿ ಕುರಾನ್ ಮೇಲೆ ಒಂದು ಅಣಕು ವಿಚಾರಣೆ ನಡೆಸಿ ಅದನ್ನು ಸುಟ್ಟರು. ಏಪ್ರಿಲ್ 1ರಂದು, ಸಾವಿರಾರು ಮೈಲಿ ದೂರದ ಅಫ್ಘಾನಿಸ್ತಾನದ ಮಜಾರ್-ಇ-ಷರೀಫ್‌ನಲ್ಲಿ ಶುಕ್ರವಾರದ ನಮಾಜಿನ ನಂತರ ಗುಂಪೊಂದು ವಿಶ್ವಸಂಸ್ಥೆಯ ಕಚೇರಿ ಮೇಲೆ ನುಗ್ಗಿತು. ಅಲ್ಲಿ ಕೆಲಸಕ್ಕಿದ್ದ 7 ಜನ ವಿದೇಶಿಯರು ಸತ್ತರು. ಅವರಲ್ಲಿ 4 ಜನ ನೇಪಾಳದ ಕಾವಲುಗಾರರು. ಅವರು ಕುರಾನ್ ಬರೆದವರೂ ಅಲ್ಲ, ಸುಟ್ಟವರೂ ಅಲ್ಲ. ಕೊಂದವರ ತಪ್ಪು ಕೊಂದವರದ್ದೇ. ಆದರೂ ಮಂಡೇಲಾ ಪಾಸ್ ಸುಟ್ಟದ್ದರ ಪಕ್ಕಕ್ಕೆ ಇದನ್ನು ಇಟ್ಟು ನೋಡಿ. ಅಲ್ಲಿ ಸುಟ್ಟವರೇ ಬೆಲೆ ತೆತ್ತರು. ಇಲ್ಲಿ ಸಂಬಂಧವೇ ಇಲ್ಲದ ಯಾರೋ ತೆತ್ತರು.

ಇನ್ನೊಂದು ನಷ್ಟ ಸುದ್ದಿಗೆ ಬರುವುದಿಲ್ಲ. ಪ್ರತಿ ಧರ್ಮದ ಒಳಗೂ ಪ್ರಶ್ನೆ ಕೇಳುವವರು ಇರುತ್ತಾರೆ: ಹೆಣ್ಣುಮಕ್ಕಳು, ಸುಧಾರಕರು, ಸುಮ್ನೆ ಅನುಮಾನ ಪಡುವವರು. ಬದಲಾವಣೆ ಬರುವುದಿದ್ದರೆ ಹೆಚ್ಚಾಗಿ ಅವರಿಂದಲೇ. ಹೊರಗಿನವರು ಗ್ರಂಥ ಸುಟ್ಟ ಮರುದಿನ ಅವರ ಬಾಯಿ ಕಟ್ಟಿಹೋಗುತ್ತದೆ. ನೀನೂ ಅವರ ಕಡೆಯವನಾ ಎಂಬ ಪ್ರಶ್ನೆ ಎದುರಾಗುತ್ತದೆ. ಕಟ್ಟರ್ ಜನಕ್ಕೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಯಾರೂ ಮಾಡಲಾರರು.

ಗ್ರಂಥ ಅಳಿಯುತ್ತದೆಯೇ ಎಂದು ಕೇಳಿದರೆ, ಸರ್ಕಾರಗಳೇ ಸುಟ್ಟಾಗಲೂ ಅಳಿದಿಲ್ಲ. 1500ರ ಹೊತ್ತಿಗೆ ಸ್ಪೇನಿನ ಗ್ರಾನಡಾದಲ್ಲಿ ಅರಬಿ ಗ್ರಂಥಗಳನ್ನು ರಾಶಿ ಹಾಕಿ ಸುಟ್ಟರು. 1884ರಲ್ಲಿ ಅದೇ ದೇಶದ ಅಲ್ಮೊನಾಸಿದ್ ದೆ ಲಾ ಸಿಯೆರಾ ಎಂಬ ಊರಿನ ಹಳೇ ಮನೆಯೊಂದನ್ನು ಕೆಡವುವಾಗ, ಹುಸಿ ನೆಲಹಾಸಿನ ಕೆಳಗೆ ಮುಸ್ಲಿಮರು ಬಚ್ಚಿಟ್ಟಿದ್ದ ಹಸ್ತಪ್ರತಿಗಳು ಸಿಕ್ಕವು.

ಮಹಾಡ್ ಬಗ್ಗೆ ಏನು ಹೇಳುತ್ತೀರಿ?

ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. 1927ರ ಡಿಸೆಂಬರ್ 25ರಂದು ಅಂಬೇಡ್ಕರ್ ನೇತೃತ್ವದಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಮನುಸ್ಮೃತಿ ಸುಟ್ಟರು. ನಿರ್ಣಯ ಮಂಡಿಸಿದವರು ಅಂಬೇಡ್ಕರರ ಬ್ರಾಹ್ಮಣ ಸಂಗಾತಿ ಗಂಗಾಧರ ನೀಲಕಂಠ ಸಹಸ್ರಬುದ್ಧೆ. ಇದನ್ನು ಸ್ಟಾಕ್‌ಹೋಮ್ ಜೊತೆ ಒಂದೇ ತಕ್ಕಡಿಗೆ ಹಾಕಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸುಟ್ಟವರು ಆ ಗ್ರಂಥದ ಕಟ್ಟಳೆಗಳ ಕೆಳಗೆ ನರಳಿದವರು. ಕಾರಣ ಕಣ್ಣೆದುರೇ ಇತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಮಹಾಡ್‌ನ ಚೌದಾರ್ ಕೆರೆಯ ನೀರು ಕುಡಿದದ್ದಕ್ಕೆ ಅವರ ಮೇಲೆ ಹಲ್ಲೆಯಾಗಿತ್ತು, ಕೆರೆಯನ್ನು ಶುದ್ಧಿ ಮಾಡಿದ್ದರು. ಅಂಬೇಡ್ಕರ್ ಆ ಗ್ರಂಥವನ್ನು ಓದಿದ್ದರು, ಯಾವ ಕಟ್ಟಳೆ ಯಾರಿಗೆ ಏನು ಮಾಡಿತು ಎಂದು ಜೀವನವಿಡೀ ಬರೆದರು. ಅದೇ ಸಮ್ಮೇಳನ ಮನುಷ್ಯರ ಸಮಾನ ಹಕ್ಕುಗಳ ಘೋಷಣೆಯನ್ನೂ ಒಪ್ಪಿತು. ಬೆಂಕಿಯ ಜೊತೆಗೆ ಬೇಡಿಕೆ, ವಾದ, ಬದಲಿ ಎಲ್ಲವೂ ಇದ್ದವು. ಇದು ಪಾಸ್ ಪುಸ್ತಕದ ಸಾಲಿಗೆ ಹತ್ತಿರ ನಿಲ್ಲುತ್ತದೆ.

ಅಲ್ಲೂ ಒಂದು ವಿಷಯ ಗಮನಿಸಿ. ಕೆರೆಯ ಹಕ್ಕು ಸಿಕ್ಕಿದ್ದು 1937ರಲ್ಲಿ, ಬಾಂಬೆ ಹೈಕೋರ್ಟ್ ತೀರ್ಪಿನಿಂದ. ಹತ್ತು ವರ್ಷ ಕೇಸು ನಡೆಸಿದರು. ಅಸ್ಪೃಶ್ಯತೆ ರದ್ದಾದದ್ದು ಸಂವಿಧಾನದ 17ನೇ ವಿಧಿಯಿಂದ. ಬೆಂಕಿ ಎಲ್ಲರ ಗಮನ ಸೆಳೆಯಿತು, ಉಳಿದದ್ದನ್ನು ಬರವಣಿಗೆ ಮತ್ತು ಕಾನೂನಿನ ಕೆಲಸ ಸಾಧಿಸಿತು.

ಹಾಗಾದರೆ ವಿರೋಧಿಸುವುದು ಹೇಗೆ?

ಗ್ರಂಥವನ್ನು ತೆರೆದು. ಅಮೆರಿಕದ ಗುಲಾಮರ ಮಾಲೀಕರು ಬೈಬಲ್ ತೋರಿಸಿಯೇ ಚಾಟಿ ಬೀಸುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್‌ಗೆ ಅದನ್ನು ಸುಡಲು ಯಾರಿಗಿಂತಲೂ ಜಾಸ್ತಿ ಕಾರಣವಿತ್ತು, ಅಲ್ವಾ? ಅವರು 1845ರ ಆತ್ಮಕಥೆಯ ಕೊನೆಯಲ್ಲಿ ಕ್ರಿಸ್ತನ ಧರ್ಮ ಬೇರೆ, ಈ ನಾಡಿನ ಗುಲಾಮರ ಮಾಲೀಕರ ಧರ್ಮ ಬೇರೆ ಎಂದು ಬಿಡಿಸಿ ಬರೆದರು. ಆ ಮಾತಿಗೆ ಮಾಲೀಕರ ಪಾದ್ರಿಗಳು ಉತ್ತರ ಹುಡುಕಬೇಕಾಯಿತು.

ಅಮೆರಿಕದ ಮಹಿಳಾ ಹಕ್ಕು ಹೋರಾಟಗಾರ್ತಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಇನ್ನೂ ಮುಂದೆ ಹೋದರು. ಹೆಂಗಸರ ಬಗ್ಗೆ ಬೈಬಲ್ ಹೇಳುವ ಭಾಗಗಳನ್ನು ಹುಡುಕಿ, ಒಂದೊಂದಕ್ಕೂ ಟೀಕೆ ಬರೆಸಿ, 1895 ಮತ್ತು 1898ರಲ್ಲಿ ಎರಡು ಭಾಗವಾಗಿ ಪ್ರಕಟಿಸಿದರು. ಸಿಟ್ಟು ಬರಲಿಲ್ಲ ಅಂತಲ್ಲ. ಅವರದ್ದೇ ಮತದಾನದ ಹಕ್ಕಿನ ಸಂಘಟನೆ 1896ರಲ್ಲಿ ಆ ಪುಸ್ತಕಕ್ಕೂ ತನಗೂ ಸಂಬಂಧವಿಲ್ಲ ಎಂದು ನಿರ್ಣಯ ಮಾಡಿತು. ಆದರೆ ಅವರ ಜೊತೆ ಜಗಳಕ್ಕೆ ಬಂದವರೂ ಮೊದಲು ಬೈಬಲ್ ತೆರೆದು ಆ ವಾಕ್ಯ ಓದಲೇಬೇಕಿತ್ತು.